ಮುಚ್ಚಳದ ಕೆಳಗಿನ ಶುಕ್ರವಾರ

ಪಾಮರ್ಸ್ಟನ್ ನಾರ್ತ್, ನ್ಯೂಜಿಲೆಂಡ್
4 ಫೆಬ್ರವರಿ 2007, ಭಾನುವಾರ, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ನಮ್ಮ ಮಹಡಿಯಲ್ಲೂ ಲಿಫ್ಟ್ ನಿಲ್ಲುವ ಹಾಗೆ ಮಾಡುವ ಕೆಲಸ ಮುಗಿಯಿತೋ, ಇನ್ನೂ ಒಂದು ಮಹಡಿ ಮೆಟ್ಟಿಲು ಹತ್ತಿ ಇಳಿದು ಮಾಡುತ್ತಿದ್ದೀಯೋ? ತರಕಾರಿ ಚೀಲಗಳನ್ನೆಲ್ಲ ಒಂದೇ ಸಲ ಹೊತ್ತು ತರಬೇಡ. ಅಪ್ಪನ ಬಿ.ಪಿ. ಮಾತ್ರೆಯನ್ನು ಬೆಳಿಗ್ಗೆ ಕಾಫಿಯ ಜೊತೆ ನೀನೇ ಕೈಗೆ ಕೊಡುತ್ತಿದ್ದೀಯ ತಾನೆ? ಸಿಂಗಪುರದ ಹಡಗುಕಟ್ಟೆಯಲ್ಲಿ ಅಷ್ಟು ದೊಡ್ಡ ಹಡಗುಗಳ ಒಂದೊಂದು ನಟ್ಟು ಬೋಲ್ಟು ನೆನಪಿಟ್ಟುಕೊಳ್ಳುವ ತಿಪ್ಪೇಸ್ವಾಮಿಯವರಿಗೆ ತಮ್ಮ ಮಾತ್ರೆಯ ಡಬ್ಬಿ ಯಾವ ಕಪಾಟಿನಲ್ಲಿದೆ ಎಂದು ಇವತ್ತಿಗೂ ಗೊತ್ತಿಲ್ಲ. ನಾನು ಕ್ಷೇಮ. ಮೂಗು ಸುಲಿದಿದೆ, ತುಟಿ ಒಡೆದಿದೆ, ಉಳಿದದ್ದೆಲ್ಲ ನೀನು ಕಳಿಸಿಕೊಟ್ಟಾಗ ಹೇಗಿತ್ತೋ ಹಾಗೇ ಇದೆ.

ಈ ಪತ್ರ ನಮ್ಮ ಮನೆಗೆ ಬರುವುದಿಲ್ಲ, ಕೆಳಗಿನ ಮನೆಯ ಇಂದಿರಾ ಆಂಟಿಯ ವಿಳಾಸಕ್ಕೆ ಬರುತ್ತದೆ. ಇ-ಮೇಲ್ ಮಾಡಿದರೆ ಅಪ್ಪ ತೆರೆದು ಓದುತ್ತಾರೆ, ಫೋನ್ ಮಾಡಿದರೆ ಪಕ್ಕದಲ್ಲೇ ಕೂತಿರುತ್ತಾರೆ. ಆಂಟಿಯ ವಿಳಾಸ ನನಗೆ ಹೇಗೆ ಹೊಳೆಯಿತು ಎಂದು ನೀನು ಆಶ್ಚರ್ಯಪಡಬಹುದು. ಆಶ್ಚರ್ಯಪಡುವ ನಾಟಕವನ್ನಾದರೂ ಮಾಡಬಹುದು. ಆ ವಿಳಾಸಕ್ಕೆ ನ್ಯೂಜಿಲೆಂಡಿನಿಂದ ಪತ್ರ ಬರುವುದು ಇದೇ ಮೊದಲಲ್ಲ ಎಂಬ ಗುಮಾನಿ ನನಗಿದೆ. ‘ಈ ಹುಡುಗ ಹಾಲನ್ನೂ ಮೂಸಿ ನೋಡದೆ ಕುಡಿಯಲ್ಲ’ ಎಂದು ನೀನು ಎಲ್ಲರ ಮುಂದೆ ಆಡಿಕೊಳ್ಳುತ್ತಿದ್ದೆಯಲ್ಲ, ಆ ಹುಡುಗ ಈಗ ನಿನ್ನ ಕೈಯ ಹಾಲನ್ನೇ ಮೂಸಿ ನೋಡುತ್ತಿದ್ದಾನೆ. ಎಲ್ಲವನ್ನೂ ಹೇಳುತ್ತೇನೆ, ಮೊದಲಿನಿಂದ ಹೇಳುತ್ತೇನೆ. ಕೊನೆಗೆ ಒಂದು ಪ್ರಶ್ನೆ ಕೇಳುತ್ತೇನೆ, ಅದಕ್ಕೆ ನಿಜವಾದ ಉತ್ತರ ಕೊಡಬೇಕು.

ನಮ್ಮ ಫಿರಂಗಿ ದಳವನ್ನು ಮೂರು ವಾರದ ತರಬೇತಿಗೆ ತಂದು ಹಾಕಿರುವ ಜಾಗ ಇಲ್ಲಿಂದ ಬಸ್ಸಿನಲ್ಲಿ ಎರಡು ಗಂಟೆ. ಹೆಸರು ವೈಊರು. ಹೆಸರಿನಲ್ಲಿ ಊರು ಇದೆಯೇ ಹೊರತು ಅಲ್ಲಿ ಊರೇನೂ ಇಲ್ಲ. ಒಣಹುಲ್ಲು, ಗಾಳಿ, ದೂರದಲ್ಲಿ ಬೇಸಿಗೆಯಲ್ಲೂ ತಲೆಯ ಮೇಲೆ ಹಿಮ ಹೊತ್ತ ಒಂದು ಬೆಟ್ಟ, ಅಷ್ಟೇ. ಸಿಂಗಪುರದಲ್ಲಿ ಫಿರಂಗಿ ಹಾರಿಸಿದರೆ ಗುಂಡು ಇನ್ನೊಂದು ದೇಶದಲ್ಲಿ ಬೀಳುತ್ತದೆ ಎಂದು ನಮ್ಮನ್ನು ಇಲ್ಲಿಗೆ ಕರೆತರುತ್ತಾರೆ ಎಂದು ಹುಡುಗರು ತಮಾಷೆ ಮಾಡುತ್ತಾರೆ. ಬಂದ ಮೂರನೆಯ ದಿನ ಬೆಳಗಿನ ಆರು ಗಂಟೆಗೆ ನನ್ನನ್ನು ಕಾವಲಿಗೆ ನಿಲ್ಲಿಸಿದ್ದರು. ಮಂಜು ಎಷ್ಟಿತ್ತೆಂದರೆ ಚಾಚಿದ ಕೈ ಕಾಣುತ್ತಿರಲಿಲ್ಲ. ಎದುರಿಗೆ ಯಾರೋ ದೊಡ್ಡ ಉಸಿರು ಬಿಟ್ಟ ಹಾಗಾಯಿತು. ಇಂಥ ಹೊತ್ತಿನಲ್ಲಿ ಇಂಗ್ಲಿಷಿನಲ್ಲಿ ಮೂರು ಸಲ ಗದರಿಸಿ ಸಂಕೇತಪದ ಕೇಳಬೇಕು ಎಂದು ಒಂದೂವರೆ ವರ್ಷದಿಂದ ಉರು ಹೊಡೆಸಿದ್ದಾರೆ. ನನ್ನ ಬಾಯಿಂದ ಬಂದದ್ದು ‘ಯಾರಪ್ಪಾ ಅದು?’ ಅದೂ ಕೀರಲು ದನಿಯಲ್ಲಿ. ಉತ್ತರ ಬರಲಿಲ್ಲ. ‘ಯಾರಪ್ಪಾ ಅದು, ಮಾತಾಡಬಾರದಾ?’ ಎಂದೆ. ಒಂದು ಕುದುರೆಮರಿ ಮಂಜಿನಿಂದ ಮೂತಿ ಹೊರಗೆ ಹಾಕಿ ನನ್ನ ಟೊಪ್ಪಿಗೆ ಸಿಕ್ಕಿಸಿದ್ದ ಹುಲ್ಲನ್ನು ಎಳೆದು ತಿಂದು ಹೊರಟುಹೋಯಿತು. ಈ ಬಯಲಿನಲ್ಲಿ ಕಾಡುಕುದುರೆಗಳಿವೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಹಿಂದೆ ಇದ್ದ ಹಫೀಜ್, ನನ್ನ ಪಕ್ಕದ ಹಾಸಿಗೆಯವನು, ‘ಯಾರಪ್ಪಾ ಅದು’ ಎಂಬುದನ್ನು ಬಾಯಿಪಾಠ ಮಾಡಿಕೊಂಡು ಇಡೀ ಡೇರೆಗೆ ಕಲಿಸಿದ. ಈಗ ನಮ್ಮ ತುಕಡಿಯ ಹನ್ನೆರಡು ಜನ ಚೀನೀಯರು, ಮಲಯರು, ಒಬ್ಬ ಸರ್ದಾರ್ಜಿ, ಎಲ್ಲರೂ ಶೌಚಾಲಯದ ಬಾಗಿಲು ಬಡಿಯುವಾಗ ಕೇಳುವುದು ‘ಯಾರಪ್ಪಾ ಅದು?’ ಎಂದೇ. ಕನ್ನಡಕ್ಕೆ ನನ್ನಿಂದಾದ ಸೇವೆ ಇಷ್ಟು.

ಊಟದ ವಿಷಯ ನೀನು ಕೇಳಿಯೇ ಕೇಳುತ್ತೀಯ. ಸಸ್ಯಾಹಾರಿಗಳಿಗೆಂದು ಕೊಡುವ ಪೊಟ್ಟಣದಲ್ಲಿ ದಿನಾ ಒಂದೇ ಸೋಯಾ. ಬೆಳಿಗ್ಗೆ ಅದಕ್ಕೆ ಒಂದು ಹೆಸರು, ಸಂಜೆ ಇನ್ನೊಂದು ಹೆಸರು. ಎಂಟು ದಿನ ಕಳೆಯುವ ಹೊತ್ತಿಗೆ ನಾನು ಬರೀ ಬಿಸ್ಕತ್ತಿಗೆ ಬಂದು ನಿಂತಿದ್ದೆ. ಆಗ ಕ್ಯಾಂಪಿನ ಗೇಟಿನಿಂದ ನನ್ನ ಹೆಸರಿಗೆ ಒಂದು ಪೊಟ್ಟಣ ಬಂತು. ಕಳಿಸಿದವರ ಹೆಸರಿಲ್ಲ. ನನ್ನ ಹೆಸರು, ಸೈನಿಕ ಸಂಖ್ಯೆ, ತುಕಡಿ ಎಲ್ಲವೂ ತಪ್ಪಿಲ್ಲದೆ ಇದ್ದವು. ತಂದದ್ದು ಯಾರು ಎಂದು ಗೇಟಿನವನನ್ನು ಕೇಳಿದರೆ, ‘ಯಾರೋ ಇಂಡಿಯನ್, ಯೂಟ್‌ನಲ್ಲಿ ಬಂದಿದ್ದ’ ಎಂದ. ಯೂಟ್ ಎಂದರೆ ಹಿಂದುಗಡೆ ಸಾಮಾನು ಹಾಕುವ ತೆರೆದ ಗಾಡಿ, ಇಲ್ಲಿ ಎರಡು ಮನೆಗೊಂದು ಇರುತ್ತದೆ. ಪೊಟ್ಟಣ ಬಿಚ್ಚಿದರೆ ಒಂದು ಬಾಟಲಿ ಚಟ್ನಿಪುಡಿ. ಅಮ್ಮಾ, ನನಗೆ ಸಂತೋಷವಾಗಬೇಕಿತ್ತು, ಆದದ್ದು ಅನುಮಾನ. ಬಣ್ಣ ನೋಡಿದೆ, ಮೂಸಿದೆ, ನಾಲಿಗೆಯ ತುದಿಗೆ ಇಟ್ಟೆ. ಕೊಬ್ಬರಿ ಒಂದು ಗುಲಗಂಜಿ ಹೆಚ್ಚು ಹುರಿದಿತ್ತು, ಹುಣಿಸೆ ಮುಂದಾಗಿತ್ತು, ಬೆಲ್ಲ ಹಿಂದೆ ನಿಂತಿತ್ತು. ಜಗತ್ತಿನಲ್ಲಿ ಆ ಪುಡಿ ಮಾಡುವ ಕೈ ಒಂದೇ ಒಂದು ಇರುವುದು.

ಆ ಬಾಟಲಿಯನ್ನು ಫಿರಂಗಿಯ ಹತ್ತಿರ ಇಟ್ಟುಕೊಂಡು ಎಲ್ಲರೂ ಬ್ರೆಡ್ಡಿಗೆ ಹಚ್ಚಿ ತಿನ್ನುತ್ತಿರುವಾಗ ನಮ್ಮ ಕ್ಯಾಪ್ಟನ್ ಬಂದರು. ಮದ್ದುಗುಂಡಿನ ಪಕ್ಕದಲ್ಲಿ ಲೇಬಲ್ ಇಲ್ಲದ ಕಂದು ಪುಡಿ! ಎಲ್ಲರನ್ನೂ ಹತ್ತು ಹೆಜ್ಜೆ ಹಿಂದೆ ನಿಲ್ಲಿಸಿ ‘ಇದೇನು?’ ಎಂದು ಕೇಳಿದರು. ತಿನ್ನುವ ಪುಡಿ ಎಂದೆ. ಹಾಗಾದರೆ ತಿಂದು ತೋರಿಸು ಎಂದರು. ಒಂದು ಚಮಚ ತಿಂದೆ. ಅಷ್ಟಕ್ಕೂ ನಂಬಿಕೆ ಬರದೆ ತಾವೂ ಒಂದು ಚಮಚ ಬಾಯಿಗೆ ಹಾಕಿಕೊಂಡರು. ನಿನ್ನ ಬ್ಯಾಡಗಿ ಮೆಣಸಿನಕಾಯಿಗೆ ಅಧಿಕಾರಿ, ಜವಾನ ಎಂಬ ಭೇದ ಇಲ್ಲವಲ್ಲ. ಕಣ್ಣಲ್ಲಿ ನೀರು ಬಂತು, ಆದರೂ ನೆಟ್ಟಗೆ ನಿಂತೇ ನುಂಗಿದರು, ದೊಡ್ಡ ಮನುಷ್ಯ. ಆಮೇಲೆ ಮುಚ್ಚಳ ತಿರುಗಿಸಿ ನೋಡಿದರು. ಮುಚ್ಚಳದ ಒಳಗೆ ನಾಲ್ಕು ಮಡಿಕೆ ಮಾಡಿದ ಕಾಗದ, ಅದರ ಮೇಲೆ ಕನ್ನಡದಲ್ಲಿ ಏನೇನೋ ಅಂಕಿ, ಗಂಟೆ, ನಿಮಿಷ. ‘ಇದು ಯಾವ ಸಂಕೇತ?’ ಎಂದರು. ಸಂಕೇತವಲ್ಲ ಸಾರ್, ನಮ್ಮಮ್ಮನ ಪಂಚಾಂಗದ ಕ್ಯಾಲೆಂಡರ್ ಹಾಳೆ, ಎಣ್ಣೆ ಹೊರಗೆ ಬರಬಾರದೆಂದು ಮುಚ್ಚಳಕ್ಕೆ ಇಡುತ್ತಾರೆ ಎಂದೆ. ಹತ್ತೂವರೆಯಿಂದ ಹನ್ನೆರಡು ಎಂದು ದಪ್ಪಕ್ಷರದಲ್ಲಿ ಇರುವುದೇನು ಎಂದು ಕೇಳಿದರು. ಆಗ ನಾನು, ಹಿಮದ ಬೆಟ್ಟದ ಎದುರು ಅಟೆನ್‌ಷನ್‌ನಲ್ಲಿ ನಿಂತು, ರಾಹುಕಾಲ ಎಂದರೆ ಏನು ಎಂದು ಇಂಗ್ಲಿಷಿನಲ್ಲಿ ವಿವರಿಸಿದೆ. ಅವತ್ತು ಶುಕ್ರವಾರವೇ. ನಮ್ಮ ಮೊದಲ ಗುಂಡು ಹಾರಿಸುವ ಸಮಯ ಸರಿಯಾಗಿ ಹತ್ತೂವರೆಗೆ ಇತ್ತು. ಕ್ಯಾಪ್ಟನ್ ನಕ್ಕು ಹೋದರು. ಹತ್ತೂ ಇಪ್ಪತ್ತಕ್ಕೆ ಮಂಜು ಇಳಿಯಿತು. ಎದ್ದದ್ದು ಹನ್ನೆರಡು ಗಂಟೆಗೆ. ಅವತ್ತಿನಿಂದ ಹಫೀಜ್ ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ, ‘ಇವತ್ತು ನಿನ್ನ ರಾಹು ಎಷ್ಟು ಹೊತ್ತಿಗಪ್ಪಾ?’ ಎಂದು ಕೇಳುತ್ತಾನೆ. ಕ್ಯಾಪ್ಟನ್ ಕೇಳುವುದಿಲ್ಲ, ಆದರೆ ಅವನು ಕೇಳುವಾಗ ಹತ್ತಿರದಲ್ಲೇ ನಿಂತು ಬೂಟಿನ ಲೇಸು ಕಟ್ಟಿಕೊಳ್ಳುತ್ತಾರೆ.

ಎಲ್ಲರೂ ನಕ್ಕು ಮರೆತರು. ನಾನು ಆ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ತಾರೀಖು ನೋಡಿದೆ. 17 ನವೆಂಬರ್, ಶುಕ್ರವಾರ. ನೀನು ಪ್ರತಿದಿನ ಬೆಳಿಗ್ಗೆ ಹಿಂದಿನ ದಿನದ ಹಾಳೆ ಹರಿಯುತ್ತೀಯ, ಹರಿದದ್ದನ್ನು ಎಸೆಯುವುದಿಲ್ಲ, ಅಡುಗೆಮನೆಯ ಡ್ರಾಯರಿನಲ್ಲಿ ಮೇಲಿಂದ ಮೇಲೆ ಇಡುತ್ತೀಯ. ಅಂದರೆ ಈ ಬಾಟಲಿಯ ಮುಚ್ಚಳ ಬಿಗಿದದ್ದು ಹದಿನೆಂಟನೇ ತಾರೀಖು ಶನಿವಾರ. ಆ ಶನಿವಾರ ನಾನು ಕ್ಯಾಂಪಿನಿಂದ ಮನೆಗೆ ಬಂದಿದ್ದೆ. ಮನೆಯೆಲ್ಲ ಒಣಕೊಬ್ಬರಿ ಹುರಿದ ವಾಸನೆ. ಏನಮ್ಮಾ ಎಂದರೆ ‘ಇಂದಿರಾ ಕೇಳಿದ್ಲು ಕಣೋ’ ಎಂದೆ. ಇಂದಿರಾ ಆಂಟಿಗೆ ಹೊಟ್ಟೆಹುಣ್ಣು, ಖಾರ ಮುಟ್ಟುವುದಿಲ್ಲ. ಮಾರನೆಯ ದಿನ ಕನ್ನಡ ಸಂಘದ ಗುರುರಾಜ್ ಅಂಕಲ್ ಆಕ್ಲೆಂಡಿಗೆ, ಫ್ಲ್ಯಾಟ್ ಬುಷ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದರು. ನೀನು ಅವರನ್ನು ಬೀಳ್ಕೊಡಲು ಚಾಂಗಿ ವಿಮಾನ ನಿಲ್ದಾಣದವರೆಗೆ ಹೋದೆ. ಮಂಡಿನೋವಿನ ಹೆಂಗಸು, ಗುರುರಾಜ್ ಅಂಕಲ್ ಎಂದರೆ ಹಾಡು ಶುರು ಮಾಡುತ್ತಾರೆ ಎಂದು ದೂರ ಓಡುವವಳು! ಅಂದೇ ನನಗೆ ಅನುಮಾನ ಬರಬೇಕಿತ್ತು.

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಿದೆ ಎಂದು ಅರ್ಥವಾದ ಮೇಲೂ ನನಗೆ ಅದನ್ನು ನಂಬುವುದಕ್ಕೆ ಎರಡು ದಿನ ಹಿಡಿಯಿತು. ಏಕೆಂದರೆ ನ್ಯೂಜಿಲೆಂಡಿನಲ್ಲಿ ನನ್ನ ಹೆಸರು ಗೊತ್ತಿರುವವನು, ನೀನು ಪುಡಿ ಕಳಿಸಬಹುದಾದವನು ಒಬ್ಬನೇ. ಅವನ ಹೆಸರನ್ನು ನಮ್ಮ ಮನೆಯಲ್ಲಿ ಐದು ವರ್ಷದಿಂದ ಯಾರೂ ಎತ್ತಿಲ್ಲ. ಅವನು ಇಲ್ಲಿಗೆ ಓದಲು ಹೊರಟಾಗ, ಸಿಂಗಪುರದ ಕಡ್ಡಾಯ ಸೈನಿಕ ಸೇವೆಗೆ ಕರೆ ಬಂದ ದಿನ ಮಗ ವಾಪಸ್ ಬಂದೇ ಬರುತ್ತಾನೆ ಎಂದು ಅಪ್ಪ ಸಹಿ ಹಾಕಿದ್ದರು. ಕರೆ ಬಂತು, ಮನು ಅಣ್ಣ ಬರಲಿಲ್ಲ. ‘ನಾನು ಬರಲ್ಲ ಅಪ್ಪಾ’ ಎಂದು ಫೋನಿನಲ್ಲಿ ಹೇಳಿದ, ಅಷ್ಟೇ. ಅಪ್ಪ ಫೋನ್ ಇಟ್ಟು, ಅಂಗಿ ಹಾಕಿಕೊಂಡು, ತಮ್ಮ ಮಾತು ಸುಳ್ಳಾಯಿತು ಎಂದು ಹೇಳಲು ತಾವೇ ಸೈನ್ಯದ ಕಚೇರಿಗೆ ಹೋದರು. ಅಂದಿನಿಂದ ಅವನು ಸಿಂಗಪುರಕ್ಕೆ ಕಾಲಿಡುವ ಹಾಗಿಲ್ಲ, ನಮ್ಮ ಮನೆಯ ಮಾತಿನೊಳಗೂ ಕಾಲಿಡುವ ಹಾಗಿಲ್ಲ. ಆಗ ನನಗೆ ಹದಿನೈದು. ನನ್ನ ಸರದಿ ಬಂದಾಗ ನಾನು ಒಂದು ಮಾತೂ ಆಡದೆ ತಲೆ ಬೋಳಿಸಿಕೊಂಡು ಹೋದೆನಲ್ಲ, ಅದನ್ನು ನೀವಿಬ್ಬರೂ ನನ್ನ ಒಳ್ಳೆಯತನ ಎಂದುಕೊಂಡಿರಿ. ಅದು ಸಿಟ್ಟು ಅಮ್ಮಾ. ಅವನ ಪಾಲಿನದನ್ನೂ ನಾನೇ ಹೊತ್ತು ತೋರಿಸುತ್ತೇನೆ ಎಂಬ ಹಟ. ಬೆನ್ನಿನ ಚೀಲ ಭಾರ ಎನಿಸಿದಾಗಲೆಲ್ಲ, ಇದರಲ್ಲಿ ಅರ್ಧ ಅವನದು ಎಂದು ಮನಸ್ಸಿನಲ್ಲೇ ಬೈದಿದ್ದೇನೆ.

ಇವತ್ತು ನಮಗೆ ಒಂದು ದಿನದ ರಜೆ. ಬೆಳಿಗ್ಗೆ ಒಂಬತ್ತೂವರೆಗೆ ಬಸ್ಸು ನಮ್ಮನ್ನು ಈ ಊರಿನ ನಡುವಿನ ಸ್ಕ್ವೇರ್ ಎಂಬ ದೊಡ್ಡ ಹುಲ್ಲುಹಾಸಿನ ಹತ್ತಿರ ಇಳಿಸಿತು. ಸಂಜೆ ಐದಕ್ಕೆ ಅಲ್ಲೇ ಹತ್ತಬೇಕು. (ಭಾನುವಾರ ಐದು ಎಂದರೆ ರಾಹುಕಾಲ. ಹಫೀಜ್ ಈಗಾಗಲೇ ಕ್ಯಾಪ್ಟನ್ನರಿಗೆ ತಿಳಿಸಿದ್ದಾನೆ.) ಬಸ್ಸಿನ ಕಿಟಕಿಯಿಂದಲೇ ಅಣ್ಣ ಕಂಡ. ಬಿಳಿ ಯೂಟ್‌ಗೆ ಒರಗಿಕೊಂಡು ನಿಂತಿದ್ದ. ದಪ್ಪಗಾಗಿದ್ದಾನೆ, ಕೂದಲು ಮುಂದಿನಿಂದ ಹಿಂದಕ್ಕೆ ಸರಿದಿದೆ, ಅಪ್ಪ ನಿಲ್ಲುವ ಹಾಗೆಯೇ ಒಂದು ಕೈಯನ್ನು ಸೊಂಟದ ಹಿಂದೆ ಇಟ್ಟುಕೊಂಡು ನಿಲ್ಲುತ್ತಾನೆ. ಏನು ಮಾತಾಡಬೇಕೆಂದು ಐದು ವರ್ಷದಿಂದ ತಯಾರಿ ಮಾಡಿಕೊಂಡಿದ್ದವನು ನಾನು. ಅವನು ಮೊದಲು ಬಾಯಿಬಿಟ್ಟು ಹೇಳಿದ ಮಾತು: ‘ಇಲ್ಲಿ ಹತ್ತೇ ನಿಮಿಷ ಪಾರ್ಕಿಂಗ್ ಕಣೋ ವಿನಿ, ಬೇಗ ಹತ್ತು.’ ಹತ್ತಿದೆ. ಬಸ್ಸು ಬರುವ ಗಂಟೆ, ಇಳಿಸುವ ಜಾಗ ಎರಡನ್ನೂ ನಾನು ಹೇಳಿದ್ದು ಕಳೆದ ಭಾನುವಾರ, ಫೋನಿನಲ್ಲಿ, ನಿನಗೆ. ಇದನ್ನೂ ಬರೆದಿಟ್ಟುಕೊಂಡಿದ್ದೇನೆ.

ಮನೆಯಲ್ಲಿ ಅತ್ತಿಗೆ ಇದ್ದರು. ನನಗೊಬ್ಬಳು ಅತ್ತಿಗೆ ಇದ್ದಾಳೆಂದು ನನಗೆ ಯಾರೂ ಹೇಳಿರಲಿಲ್ಲ, ಗಮನಿಸು. ತೇಜಸ್ವಿನಿ ಅಂತ, ಮೈಸೂರಿನವರು, ಇಲ್ಲಿಯ ವಿಶ್ವವಿದ್ಯಾಲಯಕ್ಕೆ ಓದಲು ಬಂದು ಈಗ ಹುಲ್ಲಿನ ಬೀಜ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾರೆ. ಅಣ್ಣ ಹಾಲಿನಪುಡಿ ಕಾರ್ಖಾನೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಾನೆ. ಅತ್ತಿಗೆಗೆ ಈಗ ಏಳು ತಿಂಗಳು. ಏಪ್ರಿಲ್ ನಡುವಿಗೆ ದಿನ ಕೊಟ್ಟಿದ್ದಾರೆ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ‘ಬನ್ನಿ ಒಳಗೆ, ನಿಮ್ಮ ಬೂಟು ನೋಡಿ ನನಗೇ ಸಲ್ಯೂಟ್ ಹೊಡೆಯೋ ಹಾಗಾಗ್ತಿದೆ’ ಎಂದರು. ಬಿಸಿಬೇಳೆಬಾತ್ ಮಾಡಿದ್ದರು. ನಾನು ಮೂರು ಸಲ ಹಾಕಿಸಿಕೊಂಡೆ. ಮೂರನೆಯ ಸಲ ಹಾಕಿಸಿಕೊಳ್ಳುವಾಗ ಸಿಟ್ಟು ಮಾಡಿಕೊಂಡಿರುವುದು ಕಷ್ಟ ಎಂದು ಗೊತ್ತಾಯಿತು. ಊಟ ಮಾಡುತ್ತಾ ಅಣ್ಣ ಒಂದೊಂದಾಗಿ ಕೇಳಿದ. ಗುಂಡು ಹಾರಿದಾಗ ಕಿವಿ ಎಷ್ಟು ಹೊತ್ತು ಗುಂಯ್ ಎನ್ನುತ್ತದೆ, ಚೀಲ ಎಷ್ಟು ತೂಗುತ್ತದೆ, ಮೊದಲ ವಾರ ಅಳು ಬಂತಾ. ಪ್ರಶ್ನೆ ಕೇಳಿ ಕೇಳಿ ತಾನು ಬಿಟ್ಟುಬಂದದ್ದನ್ನು ನನ್ನಿಂದ ಅಳೆದು ನೋಡುತ್ತಿದ್ದ. ಕೊನೆಗೆ ನಗುತ್ತಾ, ‘ನಿನಗೇನೋ ಸ್ಪೆಷಲ್ ಜವಾಬ್ದಾರಿ ಕೊಟ್ಟಿದ್ರಂತೆ, ಅಮ್ಮ ಇಡೀ ಬ್ಲಾಕಿಗೆ ಕೇಸರಿಬಾತ್ ಹಂಚಿದ್ಲಂತಲ್ಲೋ’ ಎಂದ. ಎಂದವನೇ ನಾಲಿಗೆ ಕಚ್ಚಿಕೊಂಡ. ಸಿಕ್ಕಿಬಿದ್ದೆಯಲ್ಲ ಅಮ್ಮಾ! ಆ ಕೇಸರಿಬಾತ್ ಕಥೆ ನಿನ್ನ ಬಾಯಿಂದಲ್ಲದೆ ಇಲ್ಲಿಯವರೆಗೆ ಬರುವುದಕ್ಕೆ ಬೇರೆ ದಾರಿಯಿಲ್ಲ.

ಈಗ ನಾನೂ ಒಂದು ತಪ್ಪೊಪ್ಪಿಗೆ ಮಾಡಬೇಕು, ಕೂತುಕೊಂಡು ಓದು. ಸೇರಿದ ಐದನೆಯ ವಾರ, ವಿಶೇಷ ಜವಾಬ್ದಾರಿ ಕೊಟ್ಟಿದ್ದಾರೆ, ಎರಡು ಶನಿವಾರ ಮನೆಗೆ ಬರಲಾಗುವುದಿಲ್ಲ ಎಂದು ನಿನಗೆ ಫೋನ್ ಮಾಡಿದ್ದೆ. ಅದು ಜವಾಬ್ದಾರಿಯಲ್ಲ, ಶಿಕ್ಷೆ. ಶೌಚಾಲಯಕ್ಕೆ ಹೋಗುವಾಗ ಬಂದೂಕನ್ನು ಬಾಗಿಲ ಹೊರಗೆ ಗೋಡೆಗೆ ಒರಗಿಸಿ ಹೋಗಿದ್ದೆ. ಹೊರಗೆ ಬಂದರೆ ಬಂದೂಕಿಲ್ಲ. ಸಾರ್ಜೆಂಟ್ ಎತ್ತಿಕೊಂಡು ಹೋಗಿದ್ದರು. ಒಂದು ವಾರ ಬಂದೂಕಿನ ಬದಲು ನನ್ನ ಹೆಗಲಿಗೆ ಒಂದು ಪೊರಕೆ ಕಟ್ಟಿದರು. ಪೊರಕೆಯೊಂದಿಗೆ ಕವಾಯತು, ಪೊರಕೆಯೊಂದಿಗೆ ಊಟ, ಪೊರಕೆಯನ್ನು ತಲೆದಿಂಬಿನ ಪಕ್ಕ ಇಟ್ಟು ನಿದ್ದೆ, ಅಧಿಕಾರಿಗಳು ಎದುರಾದರೆ ಪೊರಕೆ ಎತ್ತಿ ವಂದನೆ. ಅದಕ್ಕೊಂದು ಹೆಸರಿಡಬೇಕು ಎಂದರು, ‘ಕಾವೇರಿ’ ಎಂದಿಟ್ಟೆ. ಆ ಸಾಧನೆಗೆ ನೀನು ನಲವತ್ತು ಮನೆಗೆ ಕೇಸರಿಬಾತ್ ಹಂಚಿದೆ. ನಾನು ಹೇಗೆ ಬಾಯಿಬಿಡಲಿ? ಹೇಳಿದ್ದು ಒಬ್ಬರಿಗೇ, ಅಪ್ಪನಿಗೆ. ಭಾನುವಾರ ಸಂಜೆ ನನ್ನನ್ನು ಕ್ಯಾಂಪಿನ ಬಸ್ಸಿಗೆ ಬಿಡಲು ಅವರು ನಡೆದು ಬರುತ್ತಾರಲ್ಲ, ಆಗ. ಅವರು ದೀಪದ ಕಂಬ ಹಿಡಿದುಕೊಂಡು ನಕ್ಕರು ಅಮ್ಮಾ. ಅಣ್ಣ ಹೋದ ಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ‘ನಿಮ್ಮಮ್ಮಂಗೆ ಹೇಳ್ಬೇಡ, ಪಾಪ, ಕೇಸರಿಬಾತ್ ಹಂಚ್ಯಾಳೆ’ ಎಂದರು. ನಾಲ್ಕು ಹೆಜ್ಜೆ ನಡೆದು, ‘ಅವನಾಗಿದ್ರೆ ಹಗ್ಗ ಹಾಕಿ ಸೊಂಟಕ್ಕೆ ಕಟ್ಕೊಂಡಿರೋನು’ ಎಂದರು. ಅವನು ಯಾರು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಊಟವಾದ ಮೇಲೆ ಅಣ್ಣ ನನ್ನ ಬೂಟುಗಳನ್ನು ಹಿತ್ತಲಿಗೆ ಒಯ್ದು, ನಾನು ಬೇಡ ಬೇಡ ಎಂದರೂ ಕೇಳದೆ, ಮೋರಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆದ. ಅಟ್ಟೆಯ ಒಂದೊಂದು ಸೀಳಿನಿಂದಲೂ ವೈಊರಿನ ಕೆಸರನ್ನು ಕಡ್ಡಿಯಿಂದ ಕೆದಕಿ ತೆಗೆದ. ‘ನನಗೆ ಹೆದರಿಕೆ ಆಗಿತ್ತು ಕಣೋ, ಬೇರೇನೂ ದೊಡ್ಡ ಕಾರಣ ಇಲ್ಲ. ನೀನು ಚಿಕ್ಕವನು, ನೀನು ಹೋದೆ’ ಎಂದ, ತಲೆ ಎತ್ತದೆ. ನನಗೆ ಅಳು ಬಂತು. ಐದು ವರ್ಷದ ಸಿಟ್ಟಿಗೆ ಇಷ್ಟು ಸಣ್ಣ ಉತ್ತರ ಸಾಕಾಗುತ್ತದೆ ಎಂದು ನಾನು ಎಣಿಸಿರಲಿಲ್ಲ. ನನ್ನ ಮುಖ ನೋಡಿ ಮಾತು ತಿರುಗಿಸಲೆಂದು ಅವನು, ‘ಅದಿರ್ಲಿ, ಕಾವೇರಿ ಹೇಗಿದ್ದಾಳೆ? ಪೊರಕೆ ಇನ್ನೂ ಇಟ್ಕೊಂಡಿದೀಯಾ?’ ಎಂದು ನಕ್ಕ. ನಾನು ನಗಲಿಲ್ಲ. ಕಾವೇರಿಯ ಹೆಸರು ನಿನಗೆ ಯಾರು ಹೇಳಿದರು ಎಂದೆ. ಅವನು ನಲ್ಲಿಯನ್ನು ಜೋರಾಗಿ ತಿರುಗಿಸಿ, ನೀರಿನ ಸದ್ದಿನಲ್ಲಿ ಕೇಳಿಸಲಿಲ್ಲ ಎಂದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ನಿನಗೆ ಪೊರಕೆಯ ಕಥೆ ಗೊತ್ತೇ ಇಲ್ಲ, ಇದೀಗ ಓದುತ್ತಿದ್ದೀಯ. ಹಾಗಿದ್ದರೆ ಅವನಿಗೆ ಹೇಗೆ ಗೊತ್ತಾಯಿತು? ಹಫೀಜ್ ಹೇಳಿರಲಾರ, ಅವನಿಗೆ ಅಣ್ಣನ ಪರಿಚಯವೇ ಇಲ್ಲ. ಉಳಿಯುವವರು ಒಬ್ಬರು, ಆದರೆ ಅದು ಸಾಧ್ಯವಿಲ್ಲ. ಫ್ರಿಜ್ಜಿನ ಮೇಲೆ ಇನ್ನೊಂದು ವಿಚಿತ್ರ ಕಂಡೆ. ಕ್ಯಾಲೆಂಡರಿನಲ್ಲಿ ಏಪ್ರಿಲ್ ಒಂಬತ್ತರ ಸೋಮವಾರಕ್ಕೆ ಎರಡು ಸುತ್ತು ಹಾಕಿದ್ದಾರೆ, ಒಂದು ಕೆಂಪು, ಇನ್ನೊಂದು ನೀಲಿ. ಕೆಂಪು ಏನು ಎಂದು ಅತ್ತಿಗೆಯನ್ನು ಕೇಳಿದರೆ, ಪಾಪ, ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ, ‘ಅಮ್ಮ ಬರ್ತಿದ್ದಾರೆ, ಬಾಣಂತನಕ್ಕೆ. ನಿಮಗೂ ಗೊತ್ತಿಲ್ವಾ?’ ಎಂದರು. ನನಗೆ ಗೊತ್ತಿದ್ದದ್ದು ನೀನು ಏಪ್ರಿಲ್ ಎಂಟರಂದು ಇಂದಿರಾ ಆಂಟಿಯ ಮಗಳ ಮನೆಗೆ ಕ್ವಾಲಾಲಂಪುರಕ್ಕೆ ಹೊರಡುತ್ತೀಯ ಎಂದು. ಕಾಫಿಪುಡಿ ತರಲು ಲಿಟಲ್ ಇಂಡಿಯಾಕ್ಕೆ ಹೋಗುತ್ತೇನೆ ಎಂದರೂ ಏಳು ಪ್ರಶ್ನೆ ಕೇಳುವ ಅಪ್ಪ, ಒಂದು ತಿಂಗಳು ಕ್ವಾಲಾಲಂಪುರ ಎಂದಾಗ ‘ಹೋಗಿ ಬಾ’ ಎಂದು ಒಂದೇ ಮಾತಿಗೆ ಒಪ್ಪಿದರಲ್ಲ, ಅದು ನಿನಗೆ ವಿಚಿತ್ರ ಅನ್ನಿಸಲಿಲ್ಲವೇ? ನೀಲಿ ಸುತ್ತು ಯಾವುದು ಎಂದು ಕೇಳಿದೆ. ಅಣ್ಣ ಅಡುಗೆಮನೆಯಿಂದಲೇ ‘ಆಸ್ಪತ್ರೆ ಚೆಕಪ್ಪು’ ಎಂದು ಕೂಗಿದ. ಅವತ್ತು ಈಸ್ಟರ್ ಸೋಮವಾರ, ರಜೆ ಎಂದು ಅದೇ ಕ್ಯಾಲೆಂಡರಿನಲ್ಲಿ ಅಚ್ಚಾಗಿದೆ. ರಜೆಯ ದಿನ ಯಾವ ಚೆಕಪ್ಪು?

ಇರಲಿ, ಗಂಟೆ ನಾಲ್ಕಾಗುತ್ತಾ ಬಂತು. ನನ್ನ ಪ್ರಶ್ನೆ ಇಷ್ಟೇ: ನನಗೇಕೆ ಹೇಳಲಿಲ್ಲ? ನಾನು ಅಪ್ಪನ ಕಡೆಯವನು ಎಂದುಕೊಂಡೆಯಾ? ಮನೆಯಲ್ಲಿ ಕಡೆಗಳಿವೆ ಎಂದೇ ನನಗೆ ತಿಳಿದಿರಲಿಲ್ಲ. ಬೇಸರವಾಗಿದೆ, ಆದರೆ ನೀನು ಬರುವುದು ನನಗೆ ಸಂತೋಷ. ಅತ್ತಿಗೆಗೆ ನಿನ್ನ ಪುಡಿ ಸಾಲುತ್ತಿಲ್ಲವಂತೆ. ನನಗೆಂದು ಅಣ್ಣ ತಂದುಕೊಟ್ಟದ್ದು ಅವರ ಪಾಲಿನ ಕೊನೆಯ ಬಾಟಲಿ. ಅಪ್ಪನಿಗೆ ನಾನು ಒಂದಕ್ಷರವೂ ಹೇಳುವುದಿಲ್ಲ. ಅಣ್ಣ, ಅತ್ತಿಗೆ ನಿನಗೆ ನಮಸ್ಕಾರ ತಿಳಿಸಿದ್ದಾರೆ. ಇಂದಿರಾ ಆಂಟಿಗೆ ನನ್ನ ನೆನಪು ಹೇಳು, ಜೊತೆಗೆ ನನ್ನ ಅನುಮಾನವನ್ನೂ ತಲುಪಿಸು. ನಿನ್ನ ಮಂಡಿ ಬೇಗ ವಾಸಿಯಾಗಲಿ, ವಿಮಾನದಲ್ಲಿ ಕಾಲು ಚಾಚುವ ಸೀಟು ಕೇಳಿ ತೆಗೆದುಕೋ.

ನಿನ್ನ, ಹಾಲು ಮೂಸುವ ಮಗ,
ವಿನಯ್

ತಾ.ಕ.: ಅಮ್ಮಾ, ನಾಲ್ಕು ಇಪ್ಪತ್ತು, ಅಣ್ಣ ಹೊರಗೆ ಯೂಟ್ ಸ್ಟಾರ್ಟ್ ಮಾಡಿದ್ದಾನೆ, ಅಕ್ಷರ ಕೆಟ್ಟಿದ್ದರೆ ಕ್ಷಮಿಸು. ಈ ಪತ್ರಕ್ಕೊಂದು ಲಕೋಟೆ ಹುಡುಕಲು ಫೋನಿನ ಕೆಳಗಿನ ಡ್ರಾಯರ್ ತೆಗೆದೆ. ಹಡಗುಕಟ್ಟೆಯ ಮುದ್ರೆಯಿರುವ ಲಕೋಟೆಗಳ ಕಟ್ಟು ಸಿಕ್ಕಿತು. ವಿಳಾಸ ನಕ್ಷೆಯ ಮೇಲೆ ಬರೆಯುವ ಹಾಗೆ ಓರೆಯಾದ ದಪ್ಪಕ್ಷರದಲ್ಲಿದೆ. ಆ ಅಕ್ಷರ ಯಾರದೆಂದು ನಿನಗೆ ಹೇಳಬೇಕಾಗಿಲ್ಲ. ಎಲ್ಲಕ್ಕಿಂತ ಕೆಳಗಿನದು ಮೂರು ವರ್ಷದ ಹಿಂದಿನದು. ಮೇಲಿನದರಲ್ಲಿ ವಿಮಾನದ ಟಿಕೆಟ್ಟಿನ ಪ್ರತಿ, ಅದರ ಅಂಚಿನಲ್ಲಿ ಹೀಗಿದೆ: ‘ಪರ್ತ್‌ಗೆ ಹಡಗು ನೋಡಲು ಹೋಗುತ್ತಿದ್ದೇನೆಂದು ನಿಮ್ಮಮ್ಮನಿಗೆ ಹೇಳುತ್ತೇನೆ. ಅವಳಿಗೆ ಏನೂ ತಿಳಿಸಬೇಡ. ಅವಳು ನಿನ್ನನ್ನು ಮರೆತು ಈಗಷ್ಟೇ ಸಮಾಧಾನವಾಗಿದ್ದಾಳೆ.’ ನಾನು ಅದನ್ನು ಹಿಡಿದುಕೊಂಡು ನಿಂತಿದ್ದನ್ನು ಅಣ್ಣ ಬಾಗಿಲಿನಿಂದ ನೋಡಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ‘ಇಬ್ರೂ ಆಣೆ ಹಾಕಿಸ್ಕೊಂಡಿದಾರೆ ಕಣೋ, ಒಬ್ರಿಗೊಬ್ರು ಹೇಳ್ಬಾರ್ದು ಅಂತ. ನಾನೇನ್ ಮಾಡ್ಲಿ? ನೀನು ಯಾರಿಗೂ ಆಣೆ ಮಾಡಿಲ್ಲವಲ್ಲ’ ಎಂದ. ನಿಜ, ನಾನು ಮಾಡಿಲ್ಲ. ಅದಕ್ಕೇ ಹೇಳುತ್ತಿದ್ದೇನೆ. ನೀಲಿ ಸುತ್ತು ಅಪ್ಪ. ಏಪ್ರಿಲ್ ಎಂಟು, ಭಾನುವಾರ, ನೀನು ಹೊರಡುವ ವಿಮಾನವೇ, ಸೋಮವಾರ ಇಲ್ಲಿಗೆ ಮುಟ್ಟುತ್ತದೆ. ರಾಹುಕಾಲ ನಾಲ್ಕೂವರೆಗೆಂದು ನೀನು ನಾಲ್ಕಕ್ಕೇ ಮನೆ ಬಿಡುತ್ತೀಯ, ಅವರು ಅದನ್ನೆಲ್ಲ ನಂಬದೆ ಐದಕ್ಕೆ ಹೊರಡುತ್ತಾರೆ. ಅವತ್ತು ನಾನು ಮನೆಯಲ್ಲೇ ಇರುತ್ತೇನೆ, ಇಬ್ಬರನ್ನೂ ಒಬ್ಬೊಬ್ಬರಾಗಿ ಕಳಿಸಿಕೊಟ್ಟು ಬೀಗ ಹಾಕುತ್ತೇನೆ. ಅವರಿಗೆ ಮೊದಲೇ ಹೇಳುತ್ತೀಯೋ, ಚಾಂಗಿಯಲ್ಲಿ ಎದುರಿಗೆ ಹೋಗಿ ನಿಲ್ಲುತ್ತೀಯೋ, ನಿನಗೆ ಬಿಟ್ಟದ್ದು. ಬಿ.ಪಿ. ಮಾತ್ರೆಯನ್ನು ಮಾತ್ರ ನಿನ್ನ ಕೈಚೀಲದಲ್ಲೇ ಇಟ್ಟುಕೋ. ಈ ಸಲ ಪೆಟ್ಟಿಗೆಯನ್ನು ಅವರೇ ತುಂಬಿಕೊಳ್ಳುತ್ತಾರಲ್ಲ, ಮರೆತೇ ಬರುತ್ತಾರೆ.